ಸಶಸ್ತ್ರ ಪಡೆಗಳ ವೈದ್ಯಕೀಯ ಮಹಾವಿದ್ಯಾಲಯ, ಪುಣೆ: ಎಂ.ಬಿ.ಬಿ.ಎಸ್. ಪ್ರವೇಶ ಸಂದರ್ಶನಕ್ಕೆ ಸಿದ್ಧತೆ

1. ಪೀಠಿಕೆ

ದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಎಂ.ಬಿ.ಬಿ.ಎಸ್. ಪ್ರವೇಶ ಬಯಸುವ ಅಭ್ಯರ್ಥಿಗಳು ರಾಷ್ಟ್ರೀಯ ಅರ್ಹತಾ ಹಾಗೂ ಪ್ರವೇಶ ಪರೀಕ್ಷೆಯಲ್ಲಿ, ಅಂದರೆ ನೀಟ್‌ನಲ್ಲಿ, ಅರ್ಹತೆ ಪಡೆಯತಕ್ಕದ್ದು. ಕರ್ನಾಟಕದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನೀಟ್ ಅರ್ಹತಾ ಕ್ರಮ, ಮೀಸಲಾತಿ ನಿಯಮಗಳು ಮತ್ತು ಅಭ್ಯರ್ಥಿಗಳು ನಮೂದಿಸಿದ ಆಯ್ಕೆಗಳ ಆಧಾರದ ಮೇಲೆ ಹಂಚಿಕೆ ಮಾಡುತ್ತದೆ. ಇಲ್ಲಿ ದಾಖಲೆಗಳ ಪರಿಶೀಲನೆ ಇರುತ್ತದೆಯೇ ಹೊರತು ಸಂದರ್ಶನ ಇರುವುದಿಲ್ಲ.

ಈ ಪದ್ಧತಿಗಿಂತ ಭಿನ್ನವಾಗಿ, ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ನೀಟ್ ಅಂಕಗಳ ಜೊತೆಗೆ ಸಂದರ್ಶನವನ್ನೂ ನಡೆಸಲಾಗುತ್ತದೆ. ರಾಜ್ಯದ ಬಹುಪಾಲು ವಿದ್ಯಾರ್ಥಿಗಳಿಗೆ, ವಿಶೇಷವಾಗಿ ಗ್ರಾಮೀಣ ಪ್ರದೇಶದವರಿಗೆ, ಇದು ಜೀವನದ ಮೊದಲ ಸಂದರ್ಶನವಾಗಿರುತ್ತದೆ. ಪ್ರವೇಶ ಪಡೆದವರು ವೈದ್ಯರಾಗುವುದರೊಂದಿಗೆ ಸಶಸ್ತ್ರ ಪಡೆಗಳ ಅಧಿಕಾರಿಗಳೂ ಆಗಬೇಕಾಗಿರುವುದರಿಂದ, ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಕೈಗೊಳ್ಳುವ ಈ ನಿರ್ಧಾರವು ಮುಂದಿನ ಅನೇಕ ವರ್ಷಗಳ ಬದುಕನ್ನು ನಿರ್ಧರಿಸುತ್ತದೆ. ಆದ್ದರಿಂದ ಸಂದರ್ಶನಕ್ಕೆ ಸಿದ್ಧವಾಗುವುದೆಂದರೆ ಉತ್ತರಗಳನ್ನು ಕಂಠಪಾಠ ಮಾಡುವುದಲ್ಲ. ಆ ಬದುಕು ತನಗೆ ಒಪ್ಪಿಗೆಯೇ ಎಂಬುದನ್ನು ಅಭ್ಯರ್ಥಿಯು ಮೊದಲು ತನ್ನಲ್ಲಿಯೇ ಖಚಿತಪಡಿಸಿಕೊಳ್ಳುವುದು.

2. ಸಂಸ್ಥೆಯ ಪರಿಚಯ

ಎರಡನೆಯ ಮಹಾಯುದ್ಧದ ನಂತರ, ಡಾ. ಬಿ.ಸಿ. ರಾಯ್ ಸಮಿತಿಯ ಶಿಫಾರಸಿನಂತೆ, 1948ರ ಮೇ 1ರಂದು ಈ ಸಂಸ್ಥೆಯು ಸ್ಥಾಪನೆಯಾಯಿತು. ಪದವಿ ವಿಭಾಗವು 1962ರ ಆಗಸ್ಟ್ 4ರಂದು ಆರಂಭಗೊಂಡಿತು. ಸಂಸ್ಥೆಯು ನಾಸಿಕ್‌ನ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿದೆ. 2023ರ ಡಿಸೆಂಬರ್‌ನಲ್ಲಿ ಸಂಸ್ಥೆಗೆ ರಾಷ್ಟ್ರಪತಿಗಳ ಧ್ವಜ ಗೌರವ ಪ್ರದಾನ ಮಾಡಲಾಯಿತು.

ಇಲ್ಲಿ ವ್ಯಾಸಂಗ ಮಾಡಿದವರು ಸೇನೆಯ ಉನ್ನತ ಹುದ್ದೆಗಳನ್ನು ಅಲಂಕರಿಸಿದ್ದಾರೆ. 2004ರಲ್ಲಿ ಲೆಫ್ಟಿನೆಂಟ್ ಜನರಲ್ ಹುದ್ದೆಗೇರಿದ ದೇಶದ ಮೊದಲ ಮಹಿಳೆ ಪುನಿತಾ ಅರೋರಾ ಹಾಗೂ 2024ರಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗಳ ಮಹಾನಿರ್ದೇಶಕರಾದ ಮೊದಲ ಮಹಿಳೆ ಆರತಿ ಸರೀನ್ ಇಬ್ಬರೂ ಈ ಸಂಸ್ಥೆಯ ಹಳೆಯ ವಿದ್ಯಾರ್ಥಿನಿಯರು.

ಇತ್ತೀಚಿನ ವರ್ಷಗಳಲ್ಲಿ ಪ್ರತಿ ಸಾಲಿಗೆ ಒಟ್ಟು 150 ಸೀಟುಗಳಿದ್ದು, ಅವುಗಳಲ್ಲಿ 115 ಪುರುಷ ಅಭ್ಯರ್ಥಿಗಳಿಗೆ, 30 ಮಹಿಳಾ ಅಭ್ಯರ್ಥಿಗಳಿಗೆ ಮತ್ತು 5 ಮಿತ್ರ ರಾಷ್ಟ್ರಗಳ ಅಭ್ಯರ್ಥಿಗಳಿಗೆ ಮೀಸಲಾಗಿದ್ದವು. ಆಯ್ಕೆಯು ಅಖಿಲ ಭಾರತ ಮಟ್ಟದಲ್ಲಿ ನಡೆಯುತ್ತದೆ. ರಾಜ್ಯವಾರು ಪಾಲು ಇರುವುದಿಲ್ಲ.

3. ಅರ್ಹತೆ

ಅಭ್ಯರ್ಥಿಯು ಅವಿವಾಹಿತರಾಗಿರತಕ್ಕದ್ದು, ವ್ಯಾಸಂಗದ ಅವಧಿಯಲ್ಲಿಯೂ ವಿವಾಹಕ್ಕೆ ಅವಕಾಶವಿಲ್ಲ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ ವಯಸ್ಸು 17 ವರ್ಷಕ್ಕಿಂತ ಕಡಿಮೆ ಇರಬಾರದು ಹಾಗೂ 24 ವರ್ಷ ಮೀರಿರಬಾರದು. ದ್ವಿತೀಯ ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ವಿಷಯಗಳನ್ನು ಮೊದಲ ಪ್ರಯತ್ನದಲ್ಲಿಯೇ ಉತ್ತೀರ್ಣರಾಗಿರಬೇಕು. ಮೂರು ವಿಜ್ಞಾನ ವಿಷಯಗಳಲ್ಲಿ ಒಟ್ಟಾರೆ ಶೇ. 60, ಪ್ರತಿ ವಿಜ್ಞಾನ ವಿಷಯದಲ್ಲಿ ಹಾಗೂ ಇಂಗ್ಲಿಷ್‌ನಲ್ಲಿ ಶೇ. 50 ಅಂಕಗಳಿಗೆ ಕಡಿಮೆ ಇರಬಾರದು. ಎಸ್.ಎಸ್.ಎಲ್.ಸಿ. ಮಟ್ಟದಲ್ಲಿ ಗಣಿತ ವಿಷಯವನ್ನು ಉತ್ತೀರ್ಣರಾಗಿರತಕ್ಕದ್ದು. ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿರುವ ನಿಯಮಗಳೇ ಅಂತಿಮವಾದುದರಿಂದ ಅರ್ಜಿ ಸಲ್ಲಿಸುವ ಮುನ್ನ ಅವುಗಳನ್ನು ಓದಿಕೊಳ್ಳತಕ್ಕದ್ದು.

4. ಆಯ್ಕೆಯ ಹಂತಗಳು

ಅ) ನೋಂದಣಿ: ನೀಟ್ ಫಲಿತಾಂಶದ ನಂತರ ವೈದ್ಯಕೀಯ ಸಮಾಲೋಚನಾ ಸಮಿತಿಯ ಜಾಲತಾಣದಲ್ಲಿ ನೋಂದಾಯಿಸಿಕೊಂಡು, ಈ ಮಹಾವಿದ್ಯಾಲಯವನ್ನು ಆಯ್ಕೆಯಾಗಿ ನಮೂದಿಸಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಮಾತ್ರ ನೋಂದಾಯಿಸಿಕೊಂಡವರನ್ನು ಇಲ್ಲಿಗೆ ಪರಿಗಣಿಸುವುದಿಲ್ಲ. ಉತ್ತಮ ಅಂಕಗಳಿದ್ದರೂ ಈ ಒಂದು ಹಂತದ ಅರಿವಿಲ್ಲದೆ ಅವಕಾಶ ತಪ್ಪಿಹೋಗಬಹುದಾದುದರಿಂದ ಪದವಿಪೂರ್ವ ಕಾಲೇಜುಗಳ ಪ್ರಾಚಾರ್ಯರು ಇದನ್ನು ವಿದ್ಯಾರ್ಥಿಗಳ ಗಮನಕ್ಕೆ ತರುವುದು ಉಪಯುಕ್ತ.

ಆ) ಕರೆ: ನೀಟ್ ಅರ್ಹತಾ ಕ್ರಮದಂತೆ, ಲಭ್ಯ ಸೀಟುಗಳ ಹಲವು ಪಟ್ಟು ಅಭ್ಯರ್ಥಿಗಳನ್ನು ಪುಣೆಗೆ ಕರೆಯಲಾಗುತ್ತದೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೀಟು ಖಚಿತವಾದಂತಲ್ಲ.

ಇ) ಲಿಖಿತ ಪರೀಕ್ಷೆ: ಇಂಗ್ಲಿಷ್ ಭಾಷೆ, ಗ್ರಹಿಕೆ, ತರ್ಕ ಮತ್ತು ವಿವೇಚನೆಗಳನ್ನು ಅಳೆಯುವ ಪರೀಕ್ಷೆಯನ್ನು ಗಣಕಯಂತ್ರದ ಮೂಲಕ ನಡೆಸಲಾಗುತ್ತದೆ. 30 ನಿಮಿಷಗಳಲ್ಲಿ 40 ಪ್ರಶ್ನೆಗಳನ್ನು ಉತ್ತರಿಸಬೇಕು. ಪ್ರತಿ ಸರಿ ಉತ್ತರಕ್ಕೆ 2 ಅಂಕ; ತಪ್ಪು ಉತ್ತರಕ್ಕೆ ಅಂಕ ಕಡಿತವಿದೆ.

ಈ) ಮನೋವೈಜ್ಞಾನಿಕ ಮೌಲ್ಯಮಾಪನ ಮತ್ತು ಸಂದರ್ಶನ: ಸಂದರ್ಶನಕ್ಕೆ 50 ಅಂಕಗಳು.

ಉ) ವೈದ್ಯಕೀಯ ಪರೀಕ್ಷೆ: ಸೇನಾ ಸೇವೆಗೆ ನಿಗದಿಪಡಿಸಿದ ದೈಹಿಕ ಮಾನದಂಡಗಳಿಗೆ ಅನುಗುಣವಾಗಿ ಅಭ್ಯರ್ಥಿಗಳನ್ನು ಪರೀಕ್ಷಿಸಲಾಗುತ್ತದೆ. ಅನರ್ಹರೆಂದು ಘೋಷಿತರಾದವರಿಗೆ ಮೇಲ್ಮನವಿಯ ಅವಕಾಶವಿದ್ದು, ಅದನ್ನು ನಿಗದಿತ ಕಾಲಾವಧಿಯೊಳಗೆ ಸಲ್ಲಿಸಬೇಕು.

5. ಸಂದರ್ಶನದ ಅಂಕಗಳ ಮಹತ್ವ

ಇತ್ತೀಚಿನ ವರ್ಷಗಳಲ್ಲಿ ಅನುಸರಿಸಲಾದ ಕ್ರಮದಲ್ಲಿ ನೀಟ್‌ನ 720 ಮತ್ತು ಲಿಖಿತ ಪರೀಕ್ಷೆಯ 80, ಒಟ್ಟು 800 ಅಂಕಗಳನ್ನು 200ಕ್ಕೆ ಇಳಿಸಿ, ಅದಕ್ಕೆ ಸಂದರ್ಶನದ 50 ಅಂಕಗಳನ್ನು ಸೇರಿಸಿ, ಒಟ್ಟು 250 ಅಂಕಗಳ ಆಧಾರದ ಮೇಲೆ ಅಂತಿಮ ಪಟ್ಟಿಯನ್ನು ಸಿದ್ಧಪಡಿಸಲಾಗುತ್ತದೆ.

ಈ ಲೆಕ್ಕದಲ್ಲಿ ನೀಟ್‌ನ 4 ಅಂಕಗಳು ಅಂತಿಮ ಪಟ್ಟಿಯ 1 ಅಂಕಕ್ಕೆ ಸಮ. ಸಂದರ್ಶನದಲ್ಲಿ ಪಡೆದ ಅಂಕಗಳು ಮಾತ್ರ ಇಳಿಕೆಯಾಗದೆ ಪೂರ್ಣವಾಗಿ ಸೇರುತ್ತವೆ. ಸಂದರ್ಶನದಲ್ಲಿ ಇತರರಿಗಿಂತ 5 ಅಂಕ ಹೆಚ್ಚು ಪಡೆದ ಅಭ್ಯರ್ಥಿಯು ನೀಟ್‌ನಲ್ಲಿ 20 ಅಂಕಗಳ ಹಿನ್ನಡೆಯನ್ನು ಸರಿದೂಗಿಸಿಕೊಳ್ಳಬಲ್ಲರು. ಕರೆಯಲಾದ ಅಭ್ಯರ್ಥಿಗಳ ನೀಟ್ ಅಂಕಗಳ ನಡುವೆ ಅಂತರ ಕಡಿಮೆ ಇರುವುದರಿಂದ, ಪಟ್ಟಿಯ ಕೆಳಭಾಗದಲ್ಲಿ ಹೆಸರಿದೆ ಎಂದು ಪುಣೆಗೆ ಹೋಗದೆ ಉಳಿಯುವುದು ಸರಿಯಲ್ಲ. ಅಂತೆಯೇ, ಮೇಲ್ಭಾಗದಲ್ಲಿ ಹೆಸರಿದೆ ಎಂದು ಸಂದರ್ಶನವನ್ನು ಹಗುರವಾಗಿ ಪರಿಗಣಿಸುವುದೂ ಸರಿಯಲ್ಲ.

6. ಸಂದರ್ಶನಕ್ಕೆ ಮೊದಲು ತಿಳಿದಿರಬೇಕಾದ ವಿಷಯ: ಬಾಂಡ್

ಈ ಸಂಸ್ಥೆಯಲ್ಲಿ ಬೋಧನಾ ಶುಲ್ಕವಿರುವುದಿಲ್ಲ. ವಸತಿಯೂ ಸಂಸ್ಥೆಯ ಆವರಣದಲ್ಲಿಯೇ ಇರುತ್ತದೆ. ಇದಕ್ಕೆ ಪ್ರತಿಯಾಗಿ, ಪದವಿ ಪಡೆದ ನಂತರ ಸಶಸ್ತ್ರ ಪಡೆಗಳಲ್ಲಿ ಕಾಯಂ ಅಥವಾ ಅಲ್ಪಾವಧಿ ಕಮಿಷನ್ ಅಡಿಯಲ್ಲಿ ಸೇವೆ ಸಲ್ಲಿಸುವುದು ಕಡ್ಡಾಯ. ಪ್ರವೇಶದ ಸಮಯದಲ್ಲಿ ಅಭ್ಯರ್ಥಿ ಮತ್ತು ಪೋಷಕರು ಬಾಂಡ್ ಬರೆದುಕೊಡಬೇಕು. ವ್ಯಾಸಂಗವನ್ನು ನಡುವೆ ತೊರೆದಲ್ಲಿ ಅಥವಾ ಕಮಿಷನ್ ಸ್ವೀಕರಿಸಲು ನಿರಾಕರಿಸಿದಲ್ಲಿ ಬಾಂಡ್‌ನ ಷರತ್ತಿನಂತೆ ಹಣ ಪಾವತಿಸಬೇಕಾಗುತ್ತದೆ. ಈ ಮೊತ್ತವು ಹಲವು ಲಕ್ಷ ರೂಪಾಯಿಗಳಷ್ಟಿದ್ದು, ಆಯಾ ಸಾಲಿನ ಮಾಹಿತಿ ಪುಸ್ತಿಕೆಯಲ್ಲಿ ಪ್ರಕಟವಾಗುತ್ತದೆ. ಕಾಯಂ ಕಮಿಷನ್ ಬಯಸಿದ ಎಲ್ಲರಿಗೂ ಅದು ದೊರೆಯುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಆರ್ಥಿಕವಾಗಿ ದುರ್ಬಲವಾದ ಕುಟುಂಬಗಳು ಶುಲ್ಕವಿಲ್ಲದ ಶಿಕ್ಷಣ ಎಂಬ ಕಾರಣಕ್ಕೆ ಈ ಸಂಸ್ಥೆಯತ್ತ ನೋಡುವುದು ಸಹಜ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಆದರೆ ಅದೊಂದೇ ಕಾರಣವಾಗಿದ್ದರೆ ಅದು ಸಾಲದು. ಹಬ್ಬಕ್ಕೆ, ಮನೆಯ ಮದುವೆಗೆ, ಕೆಲವೊಮ್ಮೆ ಹಿರಿಯರ ಕಾಯಿಲೆಯ ಸಂದರ್ಭಕ್ಕೂ ಊರಿಗೆ ಬರಲಾಗದಿರಬಹುದು. ಬಯಸಿದ ಊರಿನಲ್ಲಿ ಕೆಲಸ, ಬಯಸಿದ ಸಮಯಕ್ಕೆ ಸ್ನಾತಕೋತ್ತರ ವ್ಯಾಸಂಗ, ಸ್ವಂತ ಆಸ್ಪತ್ರೆ ಇವೆಲ್ಲವೂ ಬಹುಕಾಲ ಮುಂದೂಡಲ್ಪಡಬಹುದು. ಇವುಗಳನ್ನು ತಂದೆ ತಾಯಿಯರೊಂದಿಗೆ ಮನೆಯಲ್ಲಿಯೇ ಮುಕ್ತವಾಗಿ ಚರ್ಚಿಸಿ ನಿರ್ಧಾರಕ್ಕೆ ಬರತಕ್ಕದ್ದು. ಸಂದರ್ಶನ ಮಂಡಳಿಯ ಮುಂದೆ ಮೊದಲ ಬಾರಿಗೆ ಈ ಪ್ರಶ್ನೆಯನ್ನು ಎದುರಿಸುವ ಅಭ್ಯರ್ಥಿಯು ತಡವರಿಸುವುದು ನಿಶ್ಚಿತ.

7. ಸೇನಾ ವೈದ್ಯರ ಕೆಲಸದ ಪರಿಚಯ

ಸೇನಾ ವೈದ್ಯರ ಕೆಲಸವೆಂದರೆ ಯುದ್ಧಭೂಮಿಯ ಚಿಕಿತ್ಸೆ ಮಾತ್ರವೆಂಬ ಭಾವನೆ ಸಾಮಾನ್ಯವಾಗಿದೆ. ಅದರ ವ್ಯಾಪ್ತಿ ದೊಡ್ಡದು.

* ಸಿಯಾಚಿನ್‌ನಂತಹ ಎತ್ತರದ ಪ್ರದೇಶಗಳಲ್ಲಿ ಆಮ್ಲಜನಕದ ಕೊರತೆಯಿಂದ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವಿಕೆ, ಹಿಮಹುಣ್ಣು ಮುಂತಾದವುಗಳನ್ನು ತಡೆಗಟ್ಟುವುದು ಮತ್ತು ಚಿಕಿತ್ಸೆ ನೀಡುವುದು.
* ಯೋಧರು ಹಾಗೂ ಅವರ ಕುಟುಂಬದವರಿಗೆ ಸೇನಾ ಆಸ್ಪತ್ರೆಗಳಲ್ಲಿ ಹೆರಿಗೆ, ಮಕ್ಕಳ ಚಿಕಿತ್ಸೆಯಿಂದ ಹಿಡಿದು ಎಲ್ಲ ವಿಧದ ವೈದ್ಯಕೀಯ ಸೇವೆ.
* ವೈಮಾನಿಕರ ಆರೋಗ್ಯ ಪರೀಕ್ಷೆ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶದ ಪ್ರಮುಖ ಸಂಸ್ಥೆಯಾಗಿದೆ. ಬೆಂಗಳೂರಿನಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆಯೂ ಕಾರವಾರದಲ್ಲಿ ನೌಕಾಪಡೆಯ ಪತಂಜಲಿ ಆಸ್ಪತ್ರೆಯೂ ಇವೆ.
* ದೇಶ ವಿದೇಶಗಳಲ್ಲಿ ವಿಪತ್ತಿನ ಸಂದರ್ಭದ ಸೇವೆ. ಕೊರಿಯಾ ಯುದ್ಧದ ಕಾಲದಲ್ಲಿ, 1950ರಲ್ಲಿ, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ ತೆರಳಿದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಘಟಕವು ಗಾಯಾಳುಗಳಿಗೆ ಚಿಕಿತ್ಸೆ ನೀಡಿತು. ಅದೇ ಪರಂಪರೆಯ ಘಟಕವು 2023ರ ಫೆಬ್ರವರಿಯಲ್ಲಿ ತುರ್ಕಿಯಲ್ಲಿ ಭೂಕಂಪ ಸಂಭವಿಸಿದಾಗ ಅಲ್ಲಿನ ಇಸ್ಕೆಂದರೂನ್ ನಗರದಲ್ಲಿ ಆಸ್ಪತ್ರೆ ತೆರೆಯಿತು.

ಇಂತಹ ವಿವರಗಳನ್ನು ಪಟ್ಟಿಯಾಗಿ ಒಪ್ಪಿಸುವುದರಿಂದ ಪ್ರಯೋಜನವಿಲ್ಲ. ಇವುಗಳಲ್ಲಿ ಯಾವ ಕೆಲಸ ತನ್ನನ್ನು ಸೆಳೆಯುತ್ತದೆ, ಯಾವುದು ಅಳುಕು ಹುಟ್ಟಿಸುತ್ತದೆ ಎಂಬುದನ್ನು ಅಭ್ಯರ್ಥಿಯು ಆಲೋಚಿಸಿರಬೇಕು.

8. ಕೇಳಬಹುದಾದ ಪ್ರಶ್ನೆಗಳ ಸ್ವರೂಪ

ಅ) ಸ್ವಂತ ಪರಿಚಯ: ಕುಟುಂಬ, ಊರು, ಶಾಲೆ, ಹವ್ಯಾಸ ಇವುಗಳಿಂದ ಸಂದರ್ಶನ ಆರಂಭವಾಗುವುದು ವಾಡಿಕೆ. ಅರ್ಜಿಯಲ್ಲಿ ನಮೂದಿಸಿದ ಪ್ರತಿಯೊಂದು ವಿಷಯವೂ ಪ್ರಶ್ನೆಯಾಗಬಹುದು. ಓದುವುದು ಹವ್ಯಾಸವೆಂದು ಬರೆದವರು ಕೊನೆಯದಾಗಿ ಓದಿದ ಪುಸ್ತಕದ ಬಗ್ಗೆ, ಕಬಡ್ಡಿ ಎಂದು ಬರೆದವರು ಆಟದ ನಿಯಮಗಳ ಬಗ್ಗೆ ಹೇಳಲು ಶಕ್ತರಾಗಿರಬೇಕು. ಇಲ್ಲದ ಹವ್ಯಾಸವನ್ನು ಬರೆಯಬಾರದು. ತನ್ನ ಜಿಲ್ಲೆಯ ಬೆಳೆ, ನದಿ, ಕಸುಬು, ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಸ್ಥಿತಿ ಇವುಗಳ ಅರಿವು ಇರಬೇಕು. ಕೃಷಿಕರ ಮಕ್ಕಳು ಹೊಲದ ಕೆಲಸದ ಅನುಭವವನ್ನು ಮುಚ್ಚಿಡುವ ಅಗತ್ಯವಿಲ್ಲ. ಶ್ರಮದ ರೂಢಿ ಮತ್ತು ಹೊಣೆಗಾರಿಕೆಗೆ ಅದೇ ಉತ್ತಮ ನಿದರ್ಶನವಾಗಬಲ್ಲದು.

ಆ) ಸೇನೆಯ ಆಯ್ಕೆ: "ವೈದ್ಯರಾಗಲು ಸೇನೆಯೇ ಏಕೆ?" ಎಂಬುದು ನಿರೀಕ್ಷಿಸಬಹುದಾದ ಪ್ರಶ್ನೆ. "ದೇಶಸೇವೆ ನನ್ನ ಗುರಿ" ಎಂದಷ್ಟೇ ಉತ್ತರಿಸಿದರೆ, "ಹಳ್ಳಿಯಲ್ಲಿ ರೋಗಿಗಳನ್ನು ನೋಡುವ ವೈದ್ಯರು ಮಾಡುತ್ತಿರುವುದೂ ದೇಶಸೇವೆಯೇ ಅಲ್ಲವೇ?" ಎಂಬ ಮರುಪ್ರಶ್ನೆ ಬರಬಹುದು. ಶಿಸ್ತಿನ ಜೀವನ, ತಂಡವಾಗಿ ಕೆಲಸ ಮಾಡುವ ಒಲವು, ಎನ್.ಸಿ.ಸಿ. ಅನುಭವ, ಬಂಧುಗಳಲ್ಲಿ ಯೋಧರಿದ್ದರೆ ಅವರಿಂದ ತಿಳಿದ ಸಂಗತಿ ಹೀಗೆ ತನ್ನ ಬದುಕಿಗೆ ಸಂಬಂಧಿಸಿದ ಕಾರಣವನ್ನು ನೀಡುವುದು ಸೂಕ್ತ. ಶುಲ್ಕ ವಿನಾಯಿತಿಯ ಬಗ್ಗೆ ಕೇಳಿದಲ್ಲಿ, ಅದು ಕುಟುಂಬಕ್ಕೆ ನೆರವಾಗುತ್ತದೆ ಎಂಬುದನ್ನು ಒಪ್ಪಿಕೊಂಡು, ಸೇವೆಗೆ ತಾನು ಸಿದ್ಧನಿರುವ ಕಾರಣಗಳನ್ನು ವಿವರಿಸಬಹುದು. ನಿಜವನ್ನು ಮರೆಮಾಚುವುದಕ್ಕಿಂತ ಇದು ಮೇಲು.

ಇ) ನೈತಿಕ ಪ್ರಶ್ನೆಗಳು: ಗಾಯಗೊಂಡ ಶತ್ರು ಸೈನಿಕ ಮತ್ತು ತನ್ನ ಪಡೆಯ ಸೈನಿಕ ಇಬ್ಬರೂ ಎದುರಿಗಿದ್ದರೆ ಮೊದಲು ಯಾರಿಗೆ ಚಿಕಿತ್ಸೆ ಎಂಬಂತಹ ಪ್ರಶ್ನೆಗಳಿಗೆ ಆಲೋಚಿಸಿ ಉತ್ತರಿಸಬೇಕು. 1949ರ ಜಿನೀವಾ ಒಡಂಬಡಿಕೆಗಳ ಪ್ರಕಾರ ಗಾಯಾಳುಗಳನ್ನು ಯಾವುದೇ ಪಕ್ಷಭೇದವಿಲ್ಲದೆ ಉಪಚರಿಸತಕ್ಕದ್ದು. ಚಿಕಿತ್ಸೆಯ ಕ್ರಮವನ್ನು ನಿರ್ಧರಿಸುವುದು ವೈದ್ಯಕೀಯ ತುರ್ತು ಮಾತ್ರ. ಭಾರತವು ಈ ಒಡಂಬಡಿಕೆಗಳನ್ನು ಅಂಗೀಕರಿಸಿ, 1960ರಲ್ಲಿ ಅವುಗಳ ಜಾರಿಗೆ ಕಾಯಿದೆಯನ್ನು ರೂಪಿಸಿದೆ. ನಿಯಮದ ಹೆಸರು ನೆನಪಾಗದಿದ್ದರೂ ಅದರ ಹಿಂದಿನ ತತ್ವವನ್ನು ಸ್ವಂತ ಮಾತಿನಲ್ಲಿ ಹೇಳಿದರೆ ಸಾಕು.

ಈ) ಪ್ರಚಲಿತ ವಿದ್ಯಮಾನ: ಕನಿಷ್ಠ ಮೂರು ತಿಂಗಳ ಕಾಲ ದಿನಪತ್ರಿಕೆಯನ್ನು ನಿಯಮಿತವಾಗಿ ಓದುವುದು, ಆರೋಗ್ಯ ಮತ್ತು ರಕ್ಷಣಾ ವಿಷಯಗಳನ್ನು ಟಿಪ್ಪಣಿ ಮಾಡಿಕೊಳ್ಳುವುದು ಉಪಯುಕ್ತ. ಮೂರು ಪಡೆಗಳ ಹುದ್ದೆಗಳ ಶ್ರೇಣಿಯನ್ನು ತಿಳಿದಿರಬೇಕು.

9. ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ

ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಲು ಅವಕಾಶವಿದೆ. ಆದರೆ ಪುಣೆಯ ಲಿಖಿತ ಪರೀಕ್ಷೆಯು ಇಂಗ್ಲಿಷ್ ಜ್ಞಾನವನ್ನೇ ಅಳೆಯುತ್ತದೆ. ಸಂದರ್ಶನಕ್ಕೂ ಮುಂದಿನ ವ್ಯಾಸಂಗಕ್ಕೂ ಇಂಗ್ಲಿಷ್ ಅಗತ್ಯ. ಆದುದರಿಂದ ನೀಟ್ ಮುಗಿದ ಮರುದಿನದಿಂದಲೇ ಇಂಗ್ಲಿಷ್‌ನಲ್ಲಿ ಮಾತನಾಡುವ ಅಭ್ಯಾಸವನ್ನು ಆರಂಭಿಸಬೇಕು. ಪ್ರತಿದಿನ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ, ಪತ್ರಿಕೆಯನ್ನು ಮುಚ್ಚಿಟ್ಟು, ಅದರ ಸಾರವನ್ನು ಎರಡು ನಿಮಿಷ ಹೇಳುವುದು ಸರಳವಾದ ಹಾಗೂ ಖರ್ಚಿಲ್ಲದ ಅಭ್ಯಾಸ.

ಉಚ್ಚಾರಣೆಯಲ್ಲಿ ಕನ್ನಡದ ಛಾಯೆಯಿರುವುದು ದೋಷವಲ್ಲ. ದೇಶದ ಎಲ್ಲ ಭಾಗಗಳ ಯುವಜನರು ಅಲ್ಲಿಗೆ ತಮ್ಮ ತಮ್ಮ ಭಾಷೆಯ ಛಾಯೆಯೊಂದಿಗೇ ಬರುತ್ತಾರೆ. ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ, ಸ್ಪಷ್ಟವಾಗಿ ಮಾತನಾಡಬೇಕು. ಪ್ರಶ್ನೆ ಅರ್ಥವಾಗದಿದ್ದಲ್ಲಿ ಮತ್ತೊಮ್ಮೆ ಹೇಳುವಂತೆ ವಿನಯದಿಂದ ಕೇಳಬಹುದು.

ತರಬೇತಿ ಸಂಸ್ಥೆಗಳಿಗೆ ಹೆಚ್ಚಿನ ಹಣ ವ್ಯಯಿಸುವ ಮುನ್ನ ಸ್ಥಳೀಯವಾಗಿ ದೊರೆಯುವ ನೆರವನ್ನು ಬಳಸಿಕೊಳ್ಳಬಹುದು. ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರು, ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿಗಳು ಮತ್ತು ಊರಿನಲ್ಲಿರುವ ನಿವೃತ್ತ ಯೋಧರು ಹೀಗೆ ಮೂವರು ಕುಳಿತು ನಡೆಸುವ ಅಣಕು ಸಂದರ್ಶನವು ಉತ್ತಮ ಅಭ್ಯಾಸವಾಗುತ್ತದೆ. ಮಾಜಿ ಸೈನಿಕರ ಸಂಪರ್ಕಕ್ಕೆ ಜಿಲ್ಲೆಯ ಸೈನಿಕ ಕಲ್ಯಾಣ ಕಛೇರಿಯಲ್ಲಿ ವಿಚಾರಿಸಬಹುದು.

10. ಸಂದರ್ಶನದ ದಿನ ಗಮನಿಸತಕ್ಕ ಅಂಶಗಳು

* ಕರೆಪತ್ರದಲ್ಲಿ ಸೂಚಿಸಿದ ಎಲ್ಲ ಮೂಲ ದಾಖಲೆಗಳು ಮತ್ತು ಅವುಗಳ ದೃಢೀಕೃತ ಪ್ರತಿಗಳನ್ನು ಕ್ರಮವಾಗಿ ಜೋಡಿಸಿಟ್ಟುಕೊಳ್ಳುವುದು. ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿಗಳು ಹಾಗೂ ನೀಟ್ ದಾಖಲೆಗಳಲ್ಲಿ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂಬುದನ್ನು ಮೊದಲೇ ಪರಿಶೀಲಿಸುವುದು.
* ಪುಣೆಗೆ ಕನಿಷ್ಠ ಒಂದು ದಿನ ಮುಂಚಿತವಾಗಿ ತಲುಪುವುದು. ಪ್ರಕ್ರಿಯೆಯು ಒಂದಕ್ಕಿಂತ ಹೆಚ್ಚು ದಿನ ನಡೆಯಬಹುದಾದ್ದರಿಂದ ಅದಕ್ಕೆ ತಕ್ಕಂತೆ ವಸತಿ ಹಾಗೂ ಮರುಪ್ರಯಾಣವನ್ನು ಗೊತ್ತುಪಡಿಸಿಕೊಳ್ಳುವುದು.
* ಶುಭ್ರವಾದ, ಸರಳ ಉಡುಪು ಧರಿಸುವುದು. ಹೊಸ ಬಟ್ಟೆಯ ಅಗತ್ಯವಿಲ್ಲ.
* ಅನುಮತಿ ಪಡೆದು ಒಳಪ್ರವೇಶಿಸಿ, ವಂದಿಸಿ, ಸೂಚಿಸಿದ ನಂತರ ಕುಳಿತುಕೊಳ್ಳುವುದು. ಪ್ರಶ್ನೆ ಕೇಳಿದ ಸದಸ್ಯರನ್ನು ನೋಡಿ ಉತ್ತರಿಸುವುದು.
* ಉತ್ತರ ತಿಳಿಯದಿದ್ದಲ್ಲಿ ತಿಳಿದಿಲ್ಲವೆಂದು ನೇರವಾಗಿ ಹೇಳುವುದು. ತಿಳಿಯದುದನ್ನು ತಿಳಿದಂತೆ ನಟಿಸುವ ವೈದ್ಯರಿಂದ ರೋಗಿಗೆ ಅಪಾಯವಿದೆ. ಮಂಡಳಿಯ ಸದಸ್ಯರಿಗೆ ಇದು ಚೆನ್ನಾಗಿ ತಿಳಿದಿರುತ್ತದೆ.
* ಮಂಡಳಿಯು ಅಭಿಪ್ರಾಯವನ್ನು ಪ್ರಶ್ನಿಸಿದಾಗ ಕೋಪಗೊಳ್ಳದಿರುವುದು. ಸರಿಯೆನಿಸಿದ ಅಭಿಪ್ರಾಯವನ್ನು ಒತ್ತಡಕ್ಕೆ ಮಣಿದು ತಕ್ಷಣ ಬದಲಿಸದಿರುವುದು.

11. ವೈದ್ಯಕೀಯ ಪರೀಕ್ಷೆಗೆ ಸಿದ್ಧತೆ

ದೃಷ್ಟಿ, ಬಣ್ಣ ಗುರುತಿಸುವ ಶಕ್ತಿ, ಶ್ರವಣ, ಹಲ್ಲು, ಪಾದ ಮತ್ತು ಮಂಡಿಗಳ ರಚನೆ, ತೂಕ ಇವುಗಳನ್ನು ಪರೀಕ್ಷಿಸಲಾಗುತ್ತದೆ. ಪುಣೆಗೆ ಹೊರಡುವ ಕೆಲವು ವಾರಗಳ ಮೊದಲೇ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರಾಥಮಿಕ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು. ಕಿವಿಯ ಗುಗ್ಗೆ, ಹಲ್ಲಿನ ಹುಳುಕು ಮುಂತಾದ ಸಣ್ಣ ತೊಂದರೆಗಳನ್ನು ಮುಂಚಿತವಾಗಿಯೇ ಸರಿಪಡಿಸಿಕೊಳ್ಳಬಹುದು. ವರ್ಣಾಂಧತೆಯಂತಹ ಸ್ಥಿತಿಯು ಮೊದಲೇ ತಿಳಿದುಬಂದರೆ, ಇತರ ವೈದ್ಯಕೀಯ ಕಾಲೇಜುಗಳ ಕಡೆಗೆ ಸಕಾಲದಲ್ಲಿ ಗಮನ ಹರಿಸಲು ಸಾಧ್ಯವಾಗುತ್ತದೆ. ಸೇನೆಗೆ ಅನರ್ಹರಾದ ಮಾತ್ರಕ್ಕೆ ವೈದ್ಯ ವೃತ್ತಿಗೆ ಅನರ್ಹರೆಂದು ಭಾವಿಸಬಾರದು.

12. ರಾಜ್ಯದ ಸೀಟು ಹಂಚಿಕೆಯ ಬಗ್ಗೆ ಎಚ್ಚರಿಕೆ

ಪುಣೆಯ ಆಯ್ಕೆ ಪ್ರಕ್ರಿಯೆ ಮತ್ತು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ಏಕಕಾಲದಲ್ಲಿ ನಡೆಯುವ ಸಂಭವವಿದೆ. ಪುಣೆಯ ಕರೆ ಬಂದಿದೆಯೆಂದು ರಾಜ್ಯದ ದಾಖಲೆ ಪರಿಶೀಲನೆ ಹಾಗೂ ಆಯ್ಕೆಗಳ ನಮೂದನ್ನು ಕೈಬಿಡಬಾರದು. ಅಂತೆಯೇ ಮೂಲ ದಾಖಲೆಗಳನ್ನು ಒಂದು ಕಡೆ ಸಲ್ಲಿಸುವ ಮುನ್ನ, ಅವುಗಳನ್ನು ಹಿಂಪಡೆಯುವ ನಿಯಮ ಮತ್ತು ಸೀಟು ರದ್ದತಿಯ ಕೊನೆಯ ದಿನಾಂಕವನ್ನು ಲಿಖಿತವಾಗಿ ತಿಳಿದುಕೊಳ್ಳತಕ್ಕದ್ದು. ದಿನಾಂಕಗಳಿಗಾಗಿ ಆಯಾ ಸಂಸ್ಥೆಯ ಅಧಿಕೃತ ಪ್ರಕಟಣೆಯನ್ನು ಮಾತ್ರ ಅವಲಂಬಿಸಬೇಕು. ಸೀಟು ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳನ್ನು ನಂಬಬಾರದು.

13. ಪೋಷಕರಿಗೆ ಸೂಚನೆ

ಬಾಂಡ್‌ಗೆ ಪೋಷಕರೂ ಸಹಿ ಮಾಡುವರಾದರೂ ಸೇವೆ ಸಲ್ಲಿಸಬೇಕಾದವರು ಮಕ್ಕಳು. ಕುಟುಂಬದ ಗೌರವಕ್ಕಾಗಿ ಅಥವಾ ಶುಲ್ಕದ ಉಳಿತಾಯಕ್ಕಾಗಿ ಮನಸ್ಸಿಲ್ಲದ ಮಕ್ಕಳನ್ನು ಒತ್ತಾಯಿಸಿದಲ್ಲಿ, ನಂತರ ಹೊರಬರಲು ತೆರಬೇಕಾದ ಬೆಲೆ ಉಳಿತಾಯಕ್ಕಿಂತ ದೊಡ್ಡದಾಗಬಹುದು. ಅಂತೆಯೇ ಸೇನೆಗೆ ಸೇರಲು ಮನಃಪೂರ್ವಕವಾಗಿ ಬಯಸುವ ಮಗಳನ್ನು ಹೆಣ್ಣುಮಗಳೆಂಬ ಕಾರಣಕ್ಕೆ ತಡೆಯುವುದೂ ಸರಿಯಲ್ಲ. ಸಂದರ್ಶನಕ್ಕೆ ಹೊರಡುವ ಮುನ್ನ, ಆಯ್ಕೆಯಾದರೆ ಸೇರುವುದೇ ಬೇಡವೇ ಎಂಬ ಬಗ್ಗೆ ಮನೆಯವರೆಲ್ಲರೂ ಒಮ್ಮತಕ್ಕೆ ಬಂದಿರುವುದು ಅಪೇಕ್ಷಣೀಯ. ಆ ನಿರ್ಧಾರ ಸ್ಪಷ್ಟವಾಗಿದ್ದಲ್ಲಿ ಮಂಡಳಿಯ ಬಹುಪಾಲು ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಒದಗುತ್ತದೆ.

ವಿಶೇಷ ಸೂಚನೆ: ಈ ಮಾಹಿತಿಯು ಅಭ್ಯರ್ಥಿಗಳ ಮಾರ್ಗದರ್ಶನಕ್ಕಾಗಿ ಮಾತ್ರ. ಸೀಟುಗಳ ಸಂಖ್ಯೆ, ಅಂಕಗಳ ಕ್ರಮ, ಬಾಂಡ್ ಮೊತ್ತ ಮತ್ತು ದೈಹಿಕ ಮಾನದಂಡಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಟ್ಟಿರುವುದರಿಂದ, ಪ್ರವೇಶ ಬಯಸುವ ವರ್ಷದ ಅಧಿಕೃತ ಮಾಹಿತಿ ಪುಸ್ತಿಕೆಯನ್ನು ಪರಿಶೀಲಿಸಿ ಮುಂದುವರಿಯತಕ್ಕದ್ದು.